ಶಿಂಷಾ ನದಿಯ ಮಾರ್ಕೋನಹಳ್ಳಿ ಅಣೆಕಟ್ಟೆ: ತಾನೇ ಹರಿಯುವ ಸೈಫನ್ ಮತ್ತು ಕೆಳಗಿನ ಊರುಗಳ ಸುರಕ್ಷತೆ

ಮಂಡ್ಯ ಜಿಲ್ಲೆಯಲ್ಲಿ ಅಣೆಕಟ್ಟೆಯ ಮಾತು ಬಂದರೆ ಎಲ್ಲರ ಗಮನವೂ ಕೃಷ್ಣರಾಜಸಾಗರದತ್ತ ಹರಿಯುತ್ತದೆ. ಅದರ ನೀರಿನ ಮಟ್ಟ 124.80 ಅಡಿ ಮುಟ್ಟಿತೇ ಇಲ್ಲವೇ ಎಂಬುದು ಮಳೆಗಾಲದಲ್ಲಿ ದಿನನಿತ್ಯದ ಸುದ್ದಿ. ಆದರೆ ಮದ್ದೂರು ಪಟ್ಟಣದ ಪಕ್ಕದಲ್ಲಿ ಹರಿದು, ಮಳವಳ್ಳಿ ತಾಲ್ಲೂಕಿನ ಕಾಡು ಕಣಿವೆಗಳನ್ನು ದಾಟಿ ಕಾವೇರಿಯನ್ನು ಸೇರುವ ಶಿಂಷೆಯ ನೆರೆಗೂ ಕೆಆರ್‌ಎಸ್‌ಗೂ ನೇರ ಸಂಬಂಧವಿಲ್ಲ. ಆ ನದಿಯ ಕೀಲಿಕೈ ಇರುವುದು ಜಿಲ್ಲೆಯ ಗಡಿಯಾಚೆ, ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ. ಗಾತ್ರದಲ್ಲಿ ಕೆಆರ್‌ಎಸ್‌ನ ಇಪ್ಪತ್ತನೆಯ ಒಂದು ಭಾಗದಷ್ಟಿರುವ ಈ ಜಲಾಶಯದ ರಚನೆ, ಅದರ ಸ್ವಯಂಚಾಲಿತ ಸೈಫನ್‌ನ ಕಾರ್ಯವಿಧಾನ ಹಾಗೂ ಕೆಳಭಾಗದ ಜನರಿಗೆ ಅದು ಒಡ್ಡುವ ಪ್ರಶ್ನೆಗಳನ್ನು ಇಲ್ಲಿ ವಿವರಿಸಲಾಗಿದೆ.

ನದಿಯ ಹಾದಿ

ಶಿಂಷಾ ನದಿ ತುಮಕೂರು ಜಿಲ್ಲೆಯ ದೇವರಾಯನದುರ್ಗ ಬೆಟ್ಟಸಾಲಿನ ದಕ್ಷಿಣ ಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 914 ಮೀಟರ್ ಎತ್ತರದಲ್ಲಿ ಹುಟ್ಟುತ್ತದೆ. ಸುಮಾರು 221 ಕಿ.ಮೀ. ಹರಿದು ಕಾವೇರಿಯಲ್ಲಿ ಲೀನವಾಗುತ್ತದೆ. ಜಲಾನಯನ ಪ್ರದೇಶ 8,469 ಚದರ ಕಿ.ಮೀ. ವೀರವೈಷ್ಣವಿ, ಕಣ್ವಾ, ಹೆಬ್ಬಳ್ಳ ಮೊದಲಾದವು ಇದರ ಉಪನದಿಗಳು. ಮದ್ದೂರಿನ ಕಡೆ ಇದಕ್ಕೆ ಕದಂಬ ನದಿ ಎಂಬ ಹೆಸರೂ ಉಂಟು. ಪಟ್ಟಣಕ್ಕೆ ಸಮೀಪದ ವೈದ್ಯನಾಥಪುರದ ದೇವಾಲಯ ಇದರ ದಡದಲ್ಲೇ ಇದೆ.

ಮಲೆನಾಡಿನಲ್ಲಿ ಹುಟ್ಟುವ ಕಾವೇರಿ, ಹೇಮಾವತಿಗಳಂತೆ ಇದು ಜೂನ್ ತಿಂಗಳಲ್ಲೇ ಮೈದುಂಬುವ ನದಿಯಲ್ಲ. ಬಯಲುಸೀಮೆಯ ಮಳೆಯನ್ನು ನಂಬಿದ ಈ ನದಿ ವರ್ಷದ ಬಹುಕಾಲ ಮರಳಿನ ನಡುವಿನ ಸಣ್ಣ ಹರಿವಾಗಿಯೇ ಇರುತ್ತದೆ. ಇದರ ಸೀಮೆಯಲ್ಲಿ ದೊಡ್ಡ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಅಂದರೆ ರೈತರ ಲೆಕ್ಕದ ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಮಳೆಗಳ ಕಾಲದಲ್ಲಿ. ಮುಂದೆ ಹೇಳುವ ಅಪಾಯಕ್ಕೂ ಈ ಕಾಲಕ್ಕೂ ನಂಟಿದೆ.

ಒಡೆಯರ ಕಾಲದ ಕಟ್ಟೆ

ಮಾರ್ಕೋನಹಳ್ಳಿ ಅಣೆಕಟ್ಟೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲದ ನಿರ್ಮಾಣ. ಮೈಸೂರು ಸೀಮೆಯ ಪ್ರತಿಯೊಂದು ಕಟ್ಟೆಗೂ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಜೋಡಿಸುವ ರೂಢಿಯಂತೆ ಇದಕ್ಕೂ ಅವರ ಹೆಸರನ್ನು ಸೇರಿಸುವುದುಂಟು. ಅವರು ದಿವಾನಗಿರಿ ಬಿಟ್ಟದ್ದು 1918ರಲ್ಲಿ ಎಂಬುದನ್ನು ನೆನಪಿಟ್ಟರೆ ಸಾಕು. ನದಿಯ ಪಾತ್ರದಲ್ಲಿ 139 ಮೀಟರ್ ಉದ್ದದ ಕಲ್ಲುಗಾರೆಯ ಕಟ್ಟೆ, ಅದರ ಇಕ್ಕೆಲಗಳಲ್ಲಿ 1,470 ಮೀಟರ್ ಚಾಚಿಕೊಂಡ ಮಣ್ಣಿನ ಏರಿ, ಇದು ಅದರ ಸ್ವರೂಪ. ಜಲಾಶಯದ ಸಾಮರ್ಥ್ಯ 2.4 ಟಿಎಂಸಿ ಅಡಿ, ಅಚ್ಚುಕಟ್ಟು 6,070 ಹೆಕ್ಟೇರ್, ಎಂದರೆ ಸುಮಾರು 15 ಸಾವಿರ ಎಕರೆ.

ಕಟ್ಟಿದ ಉದ್ದೇಶ ನೀರಾವರಿ. ಪ್ರವಾಹ ತಡೆ ಎಂಬುದು ಜನ ತಾವಾಗಿಯೇ ಅದರ ಮೇಲೆ ಹೊರಿಸಿದ ಹೊಣೆ. ಮೇಲೊಂದು ಡ್ಯಾಂ ಇದೆ, ನೆರೆ ಬಂದರೆ ಅದೇ ತಡೆದುಕೊಳ್ಳುತ್ತದೆ ಎಂಬ ನಂಬಿಕೆ ಶಿಂಷೆಯ ದಡದ ಊರುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ಅರ್ಧ ಮಾತ್ರ ನಿಜ.

ಸೈಫನ್ ಎಂಬ ಯಂತ್ರವಿಲ್ಲದ ಯಂತ್ರ

ಮಾರ್ಕೋನಹಳ್ಳಿಯನ್ನು ಎಂಜಿನಿಯರಿಂಗ್ ಗ್ರಂಥಗಳಲ್ಲಿ ಉಲ್ಲೇಖಿಸುವುದು ಅದರ ಗಾತ್ರಕ್ಕಾಗಿ ಅಲ್ಲ, ಸೈಫನ್‌ಗಾಗಿ. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ಸುರುಳಿ ಸೈಫನ್ ಇಲ್ಲಿ ಹಾಗೂ ಶರಾವತಿಯ ಹಿರೇಭಾಸ್ಕರ ಅಣೆಕಟ್ಟೆಯಲ್ಲಿ ಬಳಕೆಯಾಯಿತು. ಹಿರೇಭಾಸ್ಕರ ಕಟ್ಟೆ 1964ರಲ್ಲಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದರ ಸೈಫನ್‌ಗಳು ತಲೆಯೆತ್ತುವುದನ್ನು ನೋಡಲು ಜನ ಹೋಗುತ್ತಾರೆ. ಮಾರ್ಕೋನಹಳ್ಳಿಯದು ಇಂದಿಗೂ ಕೆಲಸ ಮಾಡುತ್ತಿದೆ.

ಸೈಫನ್‌ನ ತತ್ತ್ವ ಹಳ್ಳಿಗರಿಗೆ ಹೊಸದಲ್ಲ. ಪೀಪಾಯಿಯಿಂದ ಸೀಮೆಎಣ್ಣೆ ತೆಗೆಯಲು ರಬ್ಬರ್ ಕೊಳವೆಯ ಒಂದು ತುದಿಯನ್ನು ಒಳಗಿಟ್ಟು, ಇನ್ನೊಂದು ತುದಿಯನ್ನು ಬಾಯಿಂದ ಒಮ್ಮೆ ಎಳೆದು ಕೆಳಗಿಳಿಸಿದರೆ ಆಮೇಲೆ ಎಣ್ಣೆ ತಾನೇ ಏರಿ ಇಳಿದು ಹರಿಯುತ್ತದೆ. ಅಣೆಕಟ್ಟೆಯ ಸೈಫನ್‌ನಲ್ಲಿ ಬಾಯಿಂದ ಎಳೆಯುವ ಕೆಲಸವನ್ನು ನೀರೇ ಮಾಡುತ್ತದೆ. ಲಾಳಿಕೆಯಾಕಾರದ ಬಾಯಿಯುಳ್ಳ ನೆಟ್ಟನೆಯ ದೊಡ್ಡ ಕೊಳವೆ, ಅದರ ಮೇಲೆ ಮುಚ್ಚಳದಂತೆ ಕವಿಚಿದ ಗುಮ್ಮಟ. ಜಲಾಶಯದ ನೀರು ಲಾಳಿಕೆಯ ಅಂಚನ್ನು ಮೀರಿದ ಕೂಡಲೇ ಒಳಗಿಳಿಯತೊಡಗುತ್ತದೆ. ಲಾಳಿಕೆಯ ಮೈಮೇಲಿನ ಸುರುಳಿ ಅಲಗುಗಳು ಆ ನೀರನ್ನು ಬುಗುರಿಯಂತೆ ಸುತ್ತಿಸುತ್ತವೆ. ಸುತ್ತುವ ನೀರು ಗುಮ್ಮಟದೊಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ತೆರವಾದಂತೆ ಒಳಗಿನ ಒತ್ತಡ ಕುಸಿದು, ಕೊಳವೆ ಬಾಯ್ತುಂಬ ನೀರು ಹಿಡಿದು ಒಮ್ಮೆಲೇ ಪೂರ್ಣ ರಭಸದಲ್ಲಿ ಹರಿಯತೊಡಗುತ್ತದೆ. ಜಲಾಶಯದ ಮಟ್ಟ ಗೊತ್ತುಪಡಿಸಿದ ಗೆರೆಗಿಂತ ಇಳಿದಾಗ ಗಾಳಿ ಒಳನುಗ್ಗಿ ಹರಿವು ಕಡಿಯುತ್ತದೆ. ವಿದ್ಯುತ್ ಬೇಡ, ಸರಪಳಿ ಬೇಡ, ಗೇಟು ಎತ್ತುವ ಆಳೂ ಬೇಡ.

ನಮ್ಮ ಕೆರೆಗಳ ಕೋಡಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಸರಿಯಾಗಿ ಗ್ರಹಿಸಬೇಕು. ಕೆರೆ ಕೋಡಿ ಬಿದ್ದಾಗ ಮೊದಲು ತೆಳುವಾದ ನೀರಿನ ಹಾಳೆ, ಆಮೇಲೆ ಗೇಣುದ್ದ, ಆಮೇಲೆ ಮೊಳದುದ್ದ, ಹೀಗೆ ಹರಿವು ಮೆಲ್ಲಮೆಲ್ಲನೆ ಏರುತ್ತದೆ. ಕೋಡಿಯ ಮೇಲಿನ ನೀರಿನ ಆಳ ನಾಲ್ಕು ಪಟ್ಟಾದರೆ ಹರಿವು ಸುಮಾರು ಎಂಟು ಪಟ್ಟಾಗುತ್ತದೆ. ಆ ನಾಲ್ಕು ಪಟ್ಟಾಗಲು ಸಮಯ ಬೇಕು, ಕೆಳಗಿರುವವರು ಅದನ್ನು ಕಣ್ಣಾರೆ ಕಾಣುತ್ತಾರೆ. ಸೈಫನ್ ಹಾಗಲ್ಲ. ಅದು ಹಿಡಿಯುವ ತನಕ ಜಿನುಗು, ಹಿಡಿದ ಮೇಲೆ ಹೊಳೆ. ನಡುವೆ ಮೆಟ್ಟಿಲುಗಳಿಲ್ಲ.

ಕಟ್ಟೆಯ ಮಟ್ಟಿಗೆ ಇದು ವರ

ಮಣ್ಣಿನ ಏರಿಯುಳ್ಳ ಅಣೆಕಟ್ಟೆಗೆ ನೀರು ಏರಿಯ ತಲೆಯ ಮೇಲೆ ಹರಿಯುವುದಕ್ಕಿಂತ ದೊಡ್ಡ ಶತ್ರು ಇಲ್ಲ. ಕಲ್ಲಿನ ಕಟ್ಟೆ ಸ್ವಲ್ಪ ಹೊತ್ತು ತಡೆದೀತು, ಮಣ್ಣು ತಡೆಯದು. ಗುಜರಾತಿನ ಮಚ್ಛು-2 ಅಣೆಕಟ್ಟೆಯ ರಚನೆಯೂ ಇಂತಹುದೇ ಆಗಿತ್ತು. ನಡುವೆ ಕಲ್ಲುಗಾರೆಯ ಕಟ್ಟೆ, ಎರಡೂ ಬದಿಗೆ ಮಣ್ಣಿನ ಏರಿ. 1979ರ ಆಗಸ್ಟ್ 11ರಂದು ವಿನ್ಯಾಸದ ಲೆಕ್ಕವನ್ನು ಮೀರಿ ನೆರೆ ಬಂದು, ಕೆಲವು ಗೇಟುಗಳು ತೆರೆಯದೆ, ನೀರು ಮಣ್ಣಿನ ಏರಿಯನ್ನು ಹತ್ತಿ ಕೊಚ್ಚಿತು. ಕೆಳಗಿದ್ದ ಮೋರ್ಬಿ ಪಟ್ಟಣ ನಾಶವಾಯಿತು. ನಮ್ಮ ರಾಜ್ಯದಲ್ಲೇ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದುದು ನೆನಪಿನಿಂದ ಮಾಸಿಲ್ಲ.

ಗೇಟು ಇದ್ದಲ್ಲಿ ಸರಪಳಿ ಇರುತ್ತದೆ, ಮೋಟಾರು ಇರುತ್ತದೆ, ರಾತ್ರಿಪಾಳಿಯ ಸಿಬ್ಬಂದಿ ಇರಬೇಕಾಗುತ್ತದೆ. ಇವುಗಳಲ್ಲಿ ಯಾವುದಾದರೂ ಒಂದು ಕೈಕೊಟ್ಟರೆ ಸಾಕು. ಗುಡುಗು ಸಿಡಿಲಿನ ರಾತ್ರಿ ವಿದ್ಯುತ್ ಹೋದರೂ, ಹೊಣೆಗಾರ ನೌಕರನಿಗೆ ಫೋನ್ ಸಿಗದಿದ್ದರೂ ಮಾರ್ಕೋನಹಳ್ಳಿಯ ಸೈಫನ್ ತನ್ನ ಪಾಡಿಗೆ ಹಿಡಿದು ಜಲಾಶಯದ ಮಟ್ಟವನ್ನು ಇಳಿಸುತ್ತದೆ. ಏರಿ ಉಳಿಯುತ್ತದೆ. ಶಿಂಷೆಯ ದಡದ ಸಾವಿರಾರು ಮನೆಗಳ ಉಳಿವು ಇದನ್ನು ಅವಲಂಬಿಸಿದೆ ಎಂಬುದನ್ನು ಮರೆಯಬಾರದು. 2.4 ಟಿಎಂಸಿ ನೀರು ಒಮ್ಮೆಗೇ ಬಿಡುಗಡೆಯಾದರೆ ಏನಾದೀತೆಂಬುದನ್ನು ಊಹಿಸುವುದೂ ಬೇಡ.

ಹಾಗೆಂದು ಸೈಫನ್‌ಗೆ ಮಿತಿಯಿಲ್ಲದೆ ಇಲ್ಲ. ಕೋಡಿಯಲ್ಲಿ ನೀರೇರಿದಷ್ಟೂ ಹೊರಹರಿವು ಹೆಚ್ಚುತ್ತಲೇ ಹೋಗುತ್ತದೆ. ಸೈಫನ್ ಒಮ್ಮೆ ಪೂರ್ಣವಾಗಿ ಹಿಡಿದ ಮೇಲೆ ಜಲಾಶಯ ಇನ್ನಷ್ಟು ಏರಿದರೂ ಅದು ಸಾಗಿಸುವ ನೀರು ಹೆಚ್ಚುಕಡಿಮೆ ಅಷ್ಟೇ. ಲೆಕ್ಕ ಮೀರಿದ ನೆರೆಗೆ ಅದರ ಬಳಿ ಹೆಚ್ಚುವರಿ ಶಕ್ತಿ ಇರುವುದಿಲ್ಲ. ಮರದ ದಿಮ್ಮಿ, ಜೊಂಡು ಬಂದು ಬಾಯಿಗೆ ಸಿಕ್ಕಿಕೊಳ್ಳಬಹುದು. ಗುಮ್ಮಟದ ಗಾರೆಯಲ್ಲಿ ಬಿರುಕುಬಿಟ್ಟು ಗಾಳಿ ಸೇರಿದರೆ ಹಿಡಿಯಬೇಕಾದ ಹೊತ್ತಿಗೆ ಹಿಡಿಯದೇ ಹೋಗಬಹುದು. ಇವೆಲ್ಲ ಬೇಸಿಗೆಯಲ್ಲಿ ಕಟ್ಟೆ ಇಳಿದಾಗ ನೋಡಿ ಸರಿಪಡಿಸಬೇಕಾದವು.

2025ರ ಅಕ್ಟೋಬರ್ 7

ಕಟ್ಟೆಗೆ ವರವಾದುದು ಕಟ್ಟೆಯ ಕೆಳಗೆ ನಿಂತವರಿಗೆ ಏನಾಗಬಹುದು ಎಂಬುದು 2025ರ ಅಕ್ಟೋಬರ್ 7ರಂದು ತಿಳಿಯಿತು. ತುಮಕೂರಿನಿಂದ ಸಂಬಂಧಿಕರ ಊರಿಗೆ ಬಂದಿದ್ದ ಕುಟುಂಬವೊಂದರವರು ಮಾರ್ಕೋನಹಳ್ಳಿಗೆ ವಿಹಾರಕ್ಕೆ ಹೋಗಿದ್ದರು. ಕಟ್ಟೆಯ ಕೆಳಗಿನ ನೀರಿಗೆ ಇಳಿದಿದ್ದಾಗ ಸೈಫನ್‌ನಿಂದ ನೀರು ಹಠಾತ್ತನೆ ನುಗ್ಗಿ ಏಳು ಮಂದಿಯನ್ನು ಸೆಳೆದೊಯ್ದಿತು. ಒಬ್ಬರನ್ನು ಉಳಿಸಿಕೊಳ್ಳಲಾಯಿತು. ಹೆಂಗಸರು, ಮಕ್ಕಳು ಸೇರಿದಂತೆ ಆರು ಮಂದಿ ನೀರುಪಾಲಾದರು.

ಅಂದು ಸೈಫನ್ ಕೆಟ್ಟಿರಲಿಲ್ಲ. ಕಟ್ಟಿದವರು ಬಯಸಿದಂತೆಯೇ ಅದು ಕೆಲಸ ಮಾಡಿತು. ಗೇಟಿನ ಅಣೆಕಟ್ಟೆಯಲ್ಲಿ ನೀರು ಬಿಡುವುದಕ್ಕೆ ಮೊದಲು ಯಾರೋ ಒಬ್ಬರು ನಿರ್ಧಾರ ಮಾಡಿರುತ್ತಾರೆ, ಆ ನಿರ್ಧಾರಕ್ಕೂ ಗೇಟು ಏಳುವುದಕ್ಕೂ ನಡುವೆ ಸೈರನ್ ಊದಲು, ಪೊಲೀಸರಿಗೆ ತಿಳಿಸಲು ಬಿಡುವು ಇರುತ್ತದೆ. ಇಲ್ಲಿ ನಿರ್ಧಾರ ಮಾಡುವುದು ನೀರೇ. ಕಟ್ಟೆಯ ಬಳಿ ಬಿಸಿಲಿದ್ದರೂ ಗುಬ್ಬಿ, ತುರುವೇಕೆರೆಯ ಕಡೆ ಹಿಂದಿನ ರಾತ್ರಿ ಸುರಿದ ಮಳೆಯ ನೀರು ಮಧ್ಯಾಹ್ನ ಬಂದು ಮುಟ್ಟಿ ಅಂಚನ್ನು ಮೀರಬಹುದು. ಕೆಳಗಿನ ಬಂಡೆಗಳ ನಡುವೆ ಮೊಣಕಾಲುದ್ದದ ನೀರಿನಲ್ಲಿ ಆಡುತ್ತಿರುವವರಿಗೆ ಅದರ ಸುಳಿವು ಎಲ್ಲಿಂದ ಸಿಗಬೇಕು?

ತುಂಬಿದ ಜಲಾಶಯ ನೆರೆ ತಡೆಯದು

ಇನ್ನು ಪ್ರವಾಹ ನಿಯಂತ್ರಣದ ಮಾತು. ದಿನವೊಂದಕ್ಕೆ 11,574 ಕ್ಯೂಸೆಕ್‌ನಂತೆ ಹರಿದರೆ ಒಂದು ಟಿಎಂಸಿಯಾಗುತ್ತದೆ ಎಂಬುದು ನೀರಾವರಿ ಇಲಾಖೆಯಲ್ಲಿ ಎಲ್ಲರಿಗೂ ಬಾಯಿಪಾಠವಾದ ಲೆಕ್ಕ. ಇದರಂತೆ ಪೂರ್ತಿ ಬರಿದಾದ ಮಾರ್ಕೋನಹಳ್ಳಿ 10,000 ಕ್ಯೂಸೆಕ್ ಒಳಹರಿವನ್ನು ಒಂದು ಹನಿ ಕೆಳಗೆ ಬಿಡದೆ ಎರಡು ಮುಕ್ಕಾಲು ದಿನ ಹಿಡಿದಿಡಬಲ್ಲುದು. ಅರ್ಧ ತುಂಬಿದ್ದರೆ ಒಂದೂವರೆ ದಿನಕ್ಕೂ ಕಡಿಮೆ. ಪೂರ್ತಿ ತುಂಬಿದ್ದರೆ ಬಂದದ್ದು ಬಂದಂತೆ ಹೋಗಬೇಕು, ಹರವಾದ ಹಿನ್ನೀರಿನ ಮೇಲೆ ಹರಡಿಕೊಂಡು ಸ್ವಲ್ಪ ತಣಿಯುವುದಷ್ಟೇ ಲಾಭ.

ನೀರಾವರಿಗೆ ಕಟ್ಟಿದ ಜಲಾಶಯವನ್ನು ಮಳೆಗಾಲದಲ್ಲಿ ಖಾಲಿ ಇಡಲು ಯಾವ ರೈತ ಒಪ್ಪುತ್ತಾನೆ? ಒಪ್ಪಬೇಕಾಗಿಯೂ ಇಲ್ಲ. ಈ ನದಿ ತುಂಬುವ ವರ್ಷಗಳೇ ಅಪರೂಪ. ಹೇಮಾವತಿ ನಾಲೆಗಳ ನೀರು ಈ ಭಾಗಕ್ಕೆ ಬಂದ ಮೇಲೆ ಮತ್ತೊಂದು ಬದಲಾವಣೆಯಾಗಿದೆ. ಮುಂಗಾರಿನಲ್ಲಿ ಮಲೆನಾಡಿನ ನೀರು ನಾಲೆಯ ಮೂಲಕ ಬಂದು ಜಲಾಶಯವನ್ನು ಮೇಲೇರಿಸುತ್ತದೆ. ಆಮೇಲೆ ಹಸ್ತ, ಚಿತ್ತೆ ಮಳೆಗಳು ಜೋರಾದರೆ ಜಲಾಶಯದಲ್ಲಿ ಹೊಸ ನೀರಿಗೆ ಜಾಗವಿರುವುದಿಲ್ಲ. ಒಂದು ಕಾಲಕ್ಕೆ ಬರಿದಾಗಿರುತ್ತಿದ್ದ ಕಟ್ಟೆ ಈಗ ನೆರೆಯ ಕಾಲಕ್ಕೆ ಸರಿಯಾಗಿ ತುಂಬಿರುವ ಸಾಧ್ಯತೆ ಹೆಚ್ಚು. ರೈತರ ಪಾಲಿಗೆ ಇದು ಶುಭವಾರ್ತೆ, ದಡದವರ ಪಾಲಿಗೆ ಎಚ್ಚರಿಕೆಯ ವಾರ್ತೆ.

2022ರಲ್ಲಿ ಇದರ ಅನುಭವವಾಯಿತು. ಆ ವರ್ಷದ ಆಗಸ್ಟ್ ಕೊನೆಯಲ್ಲಿ ರಾಮನಗರ, ಮಂಡ್ಯ ಜಿಲ್ಲೆಗಳಲ್ಲಿ ಸುರಿದ ಮಳೆಗೆ ಬೆಂಗಳೂರು-ಮೈಸೂರು ಹೆದ್ದಾರಿಯೇ ಜಲಾವೃತವಾಯಿತು. ಅದೇ ಮಳೆಗಾಲದಲ್ಲಿ ಮಂಡ್ಯ ಸಮೀಪದ ಬೂದನೂರು ಕೆರೆಯ ನೀರು ನುಗ್ಗಿ ಹೆದ್ದಾರಿ ಸಂಚಾರಕ್ಕೆ ಅಡ್ಡಿಯಾಯಿತು. ಮರುವರ್ಷವೇ ಇದೇ ಸೀಮೆ ಬರದ ಪಟ್ಟಿಯಲ್ಲಿತ್ತು. ನೆರೆಯ ನೆನಪು ಒಂದು ಬೇಸಿಗೆಯನ್ನು ದಾಟುವುದೂ ಕಷ್ಟ. ನದಿ ಬತ್ತಿದ ವರ್ಷಗಳಲ್ಲಿ ತೆಂಗಿನ ತೋಟ ದಡದಿಂದ ಪಾತ್ರದೊಳಕ್ಕೆ ಒಂದೊಂದೇ ಸಾಲು ಇಳಿಯುತ್ತದೆ, ಪಂಪ್‌ಸೆಟ್ ಇಳಿಯುತ್ತದೆ, ಕೊನೆಗೆ ಪಂಪ್‌ಸೆಟ್ ಕಾಯುವವನ ಗುಡಿಸಲೂ ಇಳಿಯುತ್ತದೆ.

ಮದ್ದೂರು ಮತ್ತು ಮಳವಳ್ಳಿ

ಮಾರ್ಕೋನಹಳ್ಳಿಯ ಕೆಳಗೆ ನದಿ ಮದ್ದೂರು ಪಟ್ಟಣದ ಬಳಿ ಹಳೆಯ ಹೆದ್ದಾರಿಯ ಸೇತುವೆ, ರೈಲು ಸೇತುವೆಗಳಡಿ ಹಾಯುತ್ತದೆ. ಮದ್ದೂರಿಗೆ ಬರುವ ನೆರೆಯೆಲ್ಲವೂ ಅಣೆಕಟ್ಟೆಯದಲ್ಲ. ಕಟ್ಟೆಯಿಂದ ಕೆಳಗಿನ ಹಳ್ಳಕೊಳ್ಳಗಳ ನೀರು, ಕೋಡಿ ಬಿದ್ದ ಕೆರೆಗಳ ಸಾಲಿನ ನೀರು, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಬಸಿನೀರು ಎಲ್ಲವೂ ನಡುವೆ ಬಂದು ಕೂಡಿಕೊಳ್ಳುತ್ತವೆ. ಕಟ್ಟೆಯಲ್ಲಿ ಸೈಫನ್ ಹಿಡಿದ ಹೊತ್ತಿಗೇ ಸ್ಥಳೀಯ ಮಳೆಯೂ ಬಿದ್ದರೆ ಎರಡು ನೆರೆಗಳು ಒಂದಾಗುತ್ತವೆ. ಮದ್ದೂರಿಗೆ ನಿಜವಾದ ಕಷ್ಟ ಬರುವುದು ಆಗ.

ಅಲ್ಲಿಂದ ಕೆಳಗೆ ಇಗ್ಗಲೂರು ಬಳಿ ಎಚ್.ಡಿ. ದೇವೇಗೌಡ ಬ್ಯಾರೇಜು ಇದೆ. ಚನ್ನಪಟ್ಟಣ ತಾಲ್ಲೂಕಿನ ಕೆರೆಗಳಿಗೆ ಏತದಿಂದ ನೀರು ತುಂಬಿಸಲು ಇದು ಆಧಾರ. ನೆರೆ ತಡೆಯುವಷ್ಟು ಜಾಗ ಇದರಲ್ಲಿಲ್ಲ. ಮುಂದೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕೇಂದ್ರ ಜಲ ಆಯೋಗವು ನದಿಯ ಹರಿವನ್ನು ಅಳೆಯುವ ಕೇಂದ್ರವಿದೆ. ಬೆಂಗಳೂರಿಗೆ ಕಾವೇರಿ ನೀರನ್ನು ಶುದ್ಧೀಕರಿಸಿ ಪಂಪು ಮಾಡುವ ಸ್ಥಾವರದಿಂದ ಈ ಊರಿನ ಹೆಸರು ಪರಿಚಿತ. ಆನಂತರ ಶಿಂಷಾ ಜಲಪಾತ, 1940ರಿಂದ ವಿದ್ಯುತ್ ಉತ್ಪಾದಿಸುತ್ತಿರುವ 17.2 ಮೆಗಾವ್ಯಾಟ್ ಸಾಮರ್ಥ್ಯದ ಶಿಂಷಾ ವಿದ್ಯುದಾಗಾರ. ಜಲಪಾತದ ಬಂಡೆಗಳ ಮೇಲೆ ಹತ್ತುವ ಪ್ರವಾಸಿಗರಿಗೆ ಮೇಲೆಲ್ಲೋ ತುಮಕೂರು ಜಿಲ್ಲೆಯಲ್ಲಿ ಸೈಫನ್ ಒಂದಿದೆ ಎಂಬುದು ತಿಳಿದಿರುವುದಿಲ್ಲ.

ಇಲ್ಲಿ ಅಂತರದ ಲೆಕ್ಕ ಮುಖ್ಯ. ನೆರೆಯ ಅಲೆ ಗಂಟೆಗೆ ಐದು ಕಿ.ಮೀ. ಸಾಗುತ್ತದೆ ಎಂದಿಟ್ಟುಕೊಂಡರೆ ನದಿಯ ಹಾದಿಯಲ್ಲಿ 50 ಕಿ.ಮೀ. ದೂರದ ಊರಿಗೆ ಹತ್ತು ಗಂಟೆಯ ಕಾಲಾವಕಾಶ ಸಿಗುತ್ತದೆ. ಕಟ್ಟೆಯ ಬುಡದಲ್ಲಿರುವವರಿಗೆ ಸಿಗುವುದು ನಿಮಿಷಗಳೂ ಅಲ್ಲ. ಆದ್ದರಿಂದ ಬೇಕಾದದ್ದು ಒಂದು ಎಚ್ಚರಿಕೆಯಲ್ಲ, ಎರಡು ಬಗೆಯ ಎಚ್ಚರಿಕೆ. ಬುಡದಲ್ಲಿರುವವರಿಗೆ, ಸೈಫನ್ ಹಿಡಿಯುವ ಮಟ್ಟಕ್ಕಿಂತ ಒಂದಡಿ ಕೆಳಗಿರುವಾಗಲೇ ತಾನಾಗಿ ಕೂಗುವ ಸೈರನ್, ಬೇಲಿ, ಕಾವಲುಗಾರ. ತಾನೇ ತೆರೆಯುವ ಕಟ್ಟೆಗೆ ತಾನೇ ಕೂಗುವ ಗಂಟೆಯೂ ಇರಬೇಕಾದುದು ನ್ಯಾಯ. ಮದ್ದೂರು, ಮಳವಳ್ಳಿಯವರಿಗೆ, ತುಮಕೂರು ಜಿಲ್ಲಾಡಳಿತದಿಂದ ಮಂಡ್ಯ ಜಿಲ್ಲಾಡಳಿತಕ್ಕೆ, ಅಲ್ಲಿಂದ ತಹಸೀಲ್ದಾರ್, ಗ್ರಾಮ ಪಂಚಾಯಿತಿಗಳಿಗೆ ತಡವಿಲ್ಲದೆ ತಲುಪುವ ಸಂದೇಶ. ಜಿಲ್ಲೆಯ ಗಡಿಯೊಂದು ನಡುವೆ ಇರುವುದರಿಂದ ಈ ಕೊಂಡಿ ಸಡಿಲಾಗುವ ಭಯ ಹೆಚ್ಚು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಗುಬ್ಬಿ, ತುರುವೇಕೆರೆ, ಕುಣಿಗಲ್ ಕಡೆಯ ರಾತ್ರಿಯ ಮಳೆ ಬೆಳಿಗ್ಗೆಯೇ ಗೊತ್ತಾಗುತ್ತದೆ. ಮಾಹಿತಿಯ ಕೊರತೆಯಿಲ್ಲ, ಅದು ಹೊಳೆಯ ದಡ ಮುಟ್ಟಬೇಕಷ್ಟೆ. ಊರಿನಲ್ಲಿ ಟಾಂ ಟಾಂ ಹೊಡೆಸುವ ಹಳೆಯ ಕ್ರಮವನ್ನು ಮೊಬೈಲಿನ ಕಾಲದಲ್ಲಿ ಕೈಬಿಡಬೇಕಾಗಿಲ್ಲ. ಹೊಲದಲ್ಲಿರುವವರಿಗೆ ಕೇಳಿಸುವುದು ಅದೇ.

ಏರಿಯ ಆರೋಗ್ಯ

ಕಟ್ಟೆಯ ಸುರಕ್ಷತೆಯ ಇನ್ನೊಂದು ಮುಖ ಮಣ್ಣಿನ ಏರಿ. ಹಿಂದೆ ನೀರಗಂಟಿಗಳು ಏರಿಯ ಮೇಲೆ ದಿನವೂ ನಡೆದು ನೋಡುತ್ತಿದ್ದುದು ಬರಿಯ ಶಾಸ್ತ್ರಕ್ಕಲ್ಲ. ಸೀಮೆಜಾಲಿಯ ಬೇರು, ಹೆಗ್ಗಣದ ಬಿಲ, ಹುತ್ತ, ಇವು ಏರಿಯೊಳಗೆ ನೀರಿಗೆ ದಾರಿ ಮಾಡಿಕೊಡುತ್ತವೆ. ಏರಿಯ ಹಿಂಬದಿಯಲ್ಲಿ ಸ್ವಲ್ಪ ಜಿನುಗುವುದು ಸಹಜ, ಎಲ್ಲ ಮಣ್ಣಿನ ಕಟ್ಟೆಗಳೂ ಜಿನುಗುತ್ತವೆ. ನೋಡಬೇಕಾದುದು ನೀರಿನ ಬಣ್ಣವನ್ನು. ತಿಳಿಯಾಗಿದ್ದರೆ ಹೆದರಬೇಕಾಗಿಲ್ಲ. ಕೆಂಪಗೆ ಕದಡಿ ಬರುತ್ತಿದ್ದರೆ ಏರಿಯ ಒಳಗಿನ ಮಣ್ಣೇ ಹೊರಬರುತ್ತಿದೆ ಎಂದರ್ಥ, ಗಂಟೆಗಳೊಳಗೆ ಕ್ರಮ ಕೈಗೊಳ್ಳಬೇಕು. ನಿನ್ನೆ ಇಲ್ಲದ ಒದ್ದೆ ಇಂದು ಕಂಡರೆ, ಏರಿಯ ಮೇಲೆ ಉದ್ದುದ್ದಕ್ಕೆ ಬಿರುಕು ಬಿಟ್ಟರೆ, ಒಂದು ಭಾಗ ತಗ್ಗಾದಂತೆ ತೋರಿದರೆ ತಕ್ಷಣ ತಿಳಿಸಬೇಕು. ಇದನ್ನು ಮೊದಲು ಕಾಣುವವನು ಎಂಜಿನಿಯರ್ ಅಲ್ಲ, ದನ ಮೇಯಿಸುವವನು.

ಕಾಯ್ದೆ ಏನು ಹೇಳುತ್ತದೆ

ಅಣೆಕಟ್ಟೆ ಸುರಕ್ಷತಾ ಕಾಯ್ದೆ, 2021 ಆ ವರ್ಷದ ಡಿಸೆಂಬರ್ 30ರಿಂದ ಜಾರಿಗೆ ಬಂದಿದೆ. 15 ಮೀಟರ್‌ಗಿಂತ ಎತ್ತರದ ಕಟ್ಟೆಗಳೆಲ್ಲವೂ, 10ರಿಂದ 15 ಮೀಟರ್ ಎತ್ತರದವುಗಳಲ್ಲಿ ಉದ್ದ, ಸಂಗ್ರಹ, ಹೊರಹರಿವು ಅಥವಾ ವಿಶಿಷ್ಟ ವಿನ್ಯಾಸದ ಕಾರಣದಿಂದ ಮುಖ್ಯವಾದವೂ ಇದರ ವ್ಯಾಪ್ತಿಗೆ ಬರುತ್ತವೆ. ಮುಂಗಾರಿಗೆ ಮೊದಲೊಮ್ಮೆ, ಆಮೇಲೊಮ್ಮೆ ಪ್ರತಿವರ್ಷ ತಪಾಸಣೆ ಕಡ್ಡಾಯ. ನೆರೆ, ಭೂಕಂಪದ ಸಂದರ್ಭಗಳಲ್ಲಿ ಬೇರೆಯೇ ತಪಾಸಣೆ ನಡೆಯಬೇಕು. ಸ್ವತಂತ್ರ ತಜ್ಞರಿಂದ ಸಮಗ್ರ ಮೌಲ್ಯಮಾಪನವಾಗಬೇಕು. ಇವೆಲ್ಲಕ್ಕಿಂತ ಕೆಳಗಿನ ಊರಿನವರಿಗೆ ಮುಖ್ಯವಾದುದು ತುರ್ತು ಕ್ರಿಯಾ ಯೋಜನೆ. ಕಟ್ಟೆಗೆ ಅಪಾಯ ಬಂದರೆ ಅಥವಾ ಭಾರಿ ನೀರು ಹೊರಬಿದ್ದರೆ ಯಾವ ಊರು, ಯಾವ ಬೀದಿ ಮುಳುಗುತ್ತದೆ, ಯಾರು ಯಾರಿಗೆ ಹೇಳಬೇಕು, ಜನ ಎಲ್ಲಿಗೆ ಹೋಗಬೇಕು ಎಂಬುದನ್ನು ಅದು ಮೊದಲೇ ಬರೆದಿಟ್ಟಿರಬೇಕು. ಹಳೆಯ ಕಟ್ಟೆಗಳಿಗೆ ಇದಕ್ಕೆ ಕೊಟ್ಟ ಗಡುವು ಐದು ವರ್ಷ, ಅಂದರೆ 2026ರ ಡಿಸೆಂಬರ್ ಅಂತ್ಯ.

10 ಮೀಟರ್‌ಗಿಂತ ತಗ್ಗಿನ ಏರಿಗಳು ಈ ಕಾಯ್ದೆಯ ಹೊರಗಿವೆ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕೆರೆಗಳಲ್ಲಿ ಬಹುಪಾಲು ಆ ವರ್ಗದವು. ಮೇಲಿನ ಕೆರೆ ಒಡೆದರೆ ಅದರ ನೀರು ಕೆಳಗಿನ ಕೆರೆಯನ್ನು ಒಡೆಯುತ್ತದೆ. ಸಾಲುಕೆರೆಗಳ ಈ ಗುಣ ಕಟ್ಟಿದವರಿಗೆ ಗೊತ್ತಿತ್ತು. ಕೋಡಿಯನ್ನು ಅಗಲವಾಗಿ ಬಿಟ್ಟು, ಕೋಡಿಹಳ್ಳವನ್ನು ಒತ್ತುವರಿಯಾಗದಂತೆ ಕಾಯುತ್ತಿದ್ದುದು ಅದಕ್ಕಾಗಿಯೇ. ಇಂದು ಮೀನು ಉಳಿಸಿಕೊಳ್ಳಲು ಕೋಡಿಗೆ ಬಲೆ ಕಟ್ಟುವುದು, ಹೆಚ್ಚು ನೀರು ನಿಲ್ಲಲೆಂದು ಮರಳುಚೀಲ ಪೇರಿಸಿ ಕೋಡಿಯನ್ನು ಎತ್ತರಿಸುವುದು ಸಾಮಾನ್ಯವಾಗಿದೆ. ಬಲೆಗೆ ಜೊಂಡು ಕಟ್ಟಿಕೊಂಡು ಒಂದು ರಾತ್ರಿ ಕೋಡಿ ಮುಚ್ಚಿದರೆ ನೀರು ಏರಿಯನ್ನೇ ಹುಡುಕಿಕೊಳ್ಳುತ್ತದೆ.

ಶಿಂಷೆಯ ದಡದ ಗ್ರಾಮ ಪಂಚಾಯಿತಿಗಳು ಗ್ರಾಮಸಭೆಯಲ್ಲಿ ಕೇಳಬಹುದಾದ ಪ್ರಶ್ನೆ ಸರಳವಾದುದು: ಮಾರ್ಕೋನಹಳ್ಳಿಯ ತುರ್ತು ಕ್ರಿಯಾ ಯೋಜನೆಯಲ್ಲಿ ನಮ್ಮ ಊರಿನ ಹೆಸರಿದೆಯೇ, ಇದ್ದರೆ ರಾತ್ರಿ ಎರಡು ಗಂಟೆಗೆ ಸೈಫನ್ ಹಿಡಿದಾಗ ನಮ್ಮಲ್ಲಿ ಯಾರ ಫೋನು ಮೊದಲು ಮೊಳಗಬೇಕು?